ಅಣಬೆ ಎದ್ದ ಮೇಲೆ

ಚಳಿಗಾಲದಲ್ಲಿ ಕಣ್ಣು ಮುಚ್ಚಿದವರು ನೆಲ ಕರಗುವ ತನಕ ಕಾಯಬೇಕು. ಅಮೆರಿಕದ ಮಿನೆಸೋಟಾ ರಾಜ್ಯದ ಉತ್ತರಕ್ಕಿರುವ ಲುಂಡ್‌ವಿಕ್ ಎಂಬ ಊರಿನಲ್ಲಿ ಇದು ಅಜ್ಜಂದಿರ ಕಾಲದಿಂದ ನಡೆದುಕೊಂಡು ಬಂದ ರೂಢಿ. ಜನವರಿ ಕಳೆಯುವುದರೊಳಗೆ ಅಲ್ಲಿಯ ನೆಲ ಎದೆಯಾಳದವರೆಗೆ ಹೆಪ್ಪುಗಟ್ಟಿ ಕಲ್ಲಾಗಿರುತ್ತದೆ. ಹಾರೆ ಹಾಕಿದರೆ ಕೈ ಜುಮ್ಮೆನ್ನುತ್ತದೆಯೇ ಹೊರತು ಮಣ್ಣು ಏಳುವುದಿಲ್ಲ. ಆದ್ದರಿಂದ ಚರ್ಚಿನ ಹಿಂದಿನ ದಿಬ್ಬದ ಮಗ್ಗುಲಿಗೆ ಹಿರಿಯರು ಒಂದು ಕಲ್ಲುಮನೆ ಕಟ್ಟಿಸಿದ್ದರು. ಪ್ರಾರ್ಥನೆ, ಹಾಡು, ಊಟ ಎಲ್ಲವೂ ಸತ್ತ ವಾರದಲ್ಲೇ ಮುಗಿಯುತ್ತವೆ. ಪೆಟ್ಟಿಗೆ ಮಾತ್ರ ಆ ಕಲ್ಲುಮನೆಯೊಳಗೆ ವಸಂತವನ್ನು ಕಾಯುತ್ತದೆ. ನೆಲ ಸಡಿಲಾದ ಮೇಲೆ ಮನೆಯವರು ದಿನ ಗೊತ್ತುಮಾಡುತ್ತಾರೆ, ಮಣ್ಣು ಕೊಡುತ್ತಾರೆ, ಚರ್ಚಿನ ನೆಲಮಾಳಿಗೆಯಲ್ಲಿ ಮತ್ತೊಮ್ಮೆ ಊಟ ಹಾಕಿಸುತ್ತಾರೆ. ಚಳಿಗಾಲದಲ್ಲಿ ಸತ್ತವರಿಗೆ ಎರಡು ಸಲ ಅಳಬೇಕು, ಎರಡು ಸಲ ಉಣ್ಣಬೇಕು ಎಂದು ಊರಿನವರು ಹೇಳುವುದುಂಟು.

ಆ ವರ್ಷ ಕಲ್ಲುಮನೆಯಲ್ಲಿ ಮೂವರಿದ್ದರು. ಏಪ್ರಿಲ್ ಕೊನೆಯ ಹೊತ್ತಿಗೆ ಇಬ್ಬರು ತಮ್ಮ ತಮ್ಮ ಜಾಗ ಸೇರಿದರು. ಉಳಿದವಳು ಥೈರಾ ಒಬ್ಬಳೇ. ಅವಳ ಗಂಡ ಆರ್ವಿನ್ ಸ್ಲೆಟ್ಟನ್ ಇನ್ನೂ ದಿನ ಹೇಳಿರಲಿಲ್ಲ.

ಏಕೆಂದು ಕೇಳಿದವರಿಗೆ ಅವನ ಬಳಿ ಉತ್ತರವಿತ್ತು. ಫೆಬ್ರವರಿಯಲ್ಲಿ, ಆಸ್ಪತ್ರೆಯಲ್ಲಿ, ಮಾತು ನಿಲ್ಲುವ ಮುಂಚೆ ಥೈರಾ ಅವನ ಕೈ ಹಿಡಿದು, "ಮೊರೆಲ್ ಎದ್ದ ಮೇಲೆ ನನ್ನ ಮಣ್ಣು ಮಾಡಿ. ಅದಕ್ಕೆ ಮುಂಚೆ ಬೇಡ" ಎಂದಿದ್ದಳು. ಅವಳ ಅಕ್ಕ ಗುಡ್ರುನ್ ಆಗ ಮಂಚದ ಇನ್ನೊಂದು ಬದಿಯಲ್ಲಿ ಕೂತು ಆ ಮಾತನ್ನು ಕೇಳಿದ್ದಳು. ಸಾಯುವವರು ಕೇಳಿದ್ದನ್ನು ನಡೆಸದೆ ಇರುವುದುಂಟೇ?

ಮೊರೆಲ್ ಎಂಬುದು ಆ ಸೀಮೆಯ ಕಾಡಣಬೆ. ತಲೆ ಜೇನುಹುಟ್ಟಿನ ಹಾಗೆ, ಒಳಗೆಲ್ಲ ಟೊಳ್ಳು. ವರ್ಷಕ್ಕೊಮ್ಮೆ ಲೈಲಾಕ್ ಗಿಡಗಳು ಮೊಗ್ಗೊಡೆಯುವ ಹೊತ್ತಿಗೆ, ಸತ್ತು ತೊಗಟೆ ಬಿಡುತ್ತಿರುವ ಎಲ್ಮ್ ಮರಗಳ ಬುಡದಲ್ಲಿ ಏಳುತ್ತದೆ. ನಾಲ್ಕು ದಿನ ಇದ್ದು ಹೋಗಿಬಿಡುತ್ತದೆ. ಸರೋವರದಲ್ಲಿ ವಾಲೈ ಮೀನು ಹಿಡಿಯುವುದಕ್ಕೆ ಸರ್ಕಾರ ಅಪ್ಪಣೆ ಕೊಡುವುದೂ ಅದೇ ಹೊತ್ತಿಗೆ. ಮದುವೆಯಾದ ವರ್ಷದಿಂದ ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಆ ಅಪ್ಪಣೆಯ ಮೊದಲ ದಿನವಾದ ಮೀನು ಬಿಡುಗಡೆಯ ಶನಿವಾರ ಆರ್ವಿನ್ ಸರೋವರಕ್ಕೆ ಹೋಗುವನು, ಥೈರಾ ಕಾಡಿಗೆ ಹೋಗುವಳು. ಸಂಜೆ ಅವನ ಮೊದಲ ವಾಲೈ, ಅವಳ ಮೊದಲ ಮೊರೆಲ್, ಎರಡನ್ನೂ ಬೆಣ್ಣೆಯಲ್ಲಿ ಹುರಿದು ಒಂದೇ ತಟ್ಟೆಗೆ ಬಡಿಸುವಳು. ಹೀಗಾಗಿ ಹೆಂಡತಿಯ ಕೊನೆಯ ಮಾತಿಗೆ ಆರ್ವಿನ್ ಬೇರೆ ಅರ್ಥ ಹುಡುಕಲಿಲ್ಲ. ಅವಳ ಮಣ್ಣಿನ ದಿನ ಬಂದವರೆಲ್ಲರಿಗೂ ಮೀನು ಮತ್ತು ಅಣಬೆ ಬಡಿಸಬೇಕು. ಎಲ್ಲರ ಹಾಗೆ ಬಂದವರಿಗೆ ಹ್ಯಾಮ್ ಸ್ಯಾಂಡ್‌ವಿಚ್ಚು, ಆಲೂಗಡ್ಡೆ ತಿನ್ನಿಸಿ ಅವಳನ್ನು ಕಳಿಸಲಾರೆ ಎಂದು ಅವನು ಪಾಸ್ಟರಿಗೆ ಹೇಳಿದ್ದ. ಪಾಸ್ಟರ್ ಆಗಲಿ ಎಂದು ತಲೆಯಾಡಿಸಿದ್ದರು.

ತೊಡಕೆಂದರೆ, ಥೈರಾಳ ಅಣಬೆಯ ಜಾಗ ಅವನಿಗೆ ಗೊತ್ತಿರಲಿಲ್ಲ.

ಅಲ್ಲಿ ಅಣಬೆಯ ಜಾಗವನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಗಂಡ ಹೆಂಡತಿಗೆ ಹೇಳುವುದಿಲ್ಲ, ಅತ್ತೆ ಸೊಸೆಗೆ ಹೇಳುವುದಿಲ್ಲ. ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಕೇಳಿದರೆ ಹೇಳಿಯಾರು, ಅಣಬೆ ಎಲ್ಲಿ ಸಿಕ್ಕಿತು ಎಂದರೆ "ಕಾಡಿನಲ್ಲಿ" ಎನ್ನುವರು. ಮೀನಿನ ಜಾಗವೂ ಹಾಗೆಯೇ. ಆರ್ವಿನ್ ತನ್ನ ವಾಲೈ ಗುಂಡಿ ಸರೋವರದ ಯಾವ ಮೂಲೆಯಲ್ಲಿದೆ ಎಂದು ಥೈರಾಳಿಗೆ ಒಂದು ದಿನವೂ ಹೇಳಿದವನಲ್ಲ. ಅವಳೂ ಕೇಳಿದವಳಲ್ಲ. ಆ ಗುಟ್ಟಿನಿಂದ ಅವರ ದಾಂಪತ್ಯಕ್ಕೆ ಏನೂ ಕುಂದಾಗಿರಲಿಲ್ಲ. ಒಬ್ಬರನ್ನೊಬ್ಬರು ಕೆಣಕಿ ನಗುವುದಕ್ಕೆ ವಸಂತಕ್ಕೊಂದು ನೆಪ ಸಿಗುತ್ತಿತ್ತು, ಅಷ್ಟೆ. ಈಗ ಕೆಣಕುವವಳು ಇರಲಿಲ್ಲ. ಗುಟ್ಟು ಮಾತ್ರ ಉಳಿದಿತ್ತು.

ಮೀನು ಬಿಡುಗಡೆಯ ಶನಿವಾರ ಬಂದೇ ಬಂದಿತು. ಆರ್ವಿನ್‌ಗೆ ಎದ್ದು ಹೋಗುವ ಮನಸ್ಸಿರಲಿಲ್ಲ. ಮಂಡಿ ನೋಯುತ್ತಿತ್ತು, ಹಾಸಿಗೆಯ ಆ ಬದಿ ತಣ್ಣಗಿತ್ತು, ಕಾಫಿ ಕಾಯಿಸಿಕೊಳ್ಳುವುದೂ ಒಂದು ದೊಡ್ಡ ಕೆಲಸವೆನಿಸಿತ್ತು. ಆದರೆ ಬೆಳಕು ಹರಿಯುವ ಮೊದಲೇ ವೆಂಡೆಲ್ ಬಂದು ಬಾಗಿಲು ಬಡಿದ. ಈ ವೆಂಡೆಲ್ ಆರ್ವಿನ್‌ನ ಜೊತೆಗಾರ, ಒಂದೇ ಬೆಂಚಿನಲ್ಲಿ ಕೂತು ಓದಿದವನು. ಚರ್ಚಿನ ಸ್ಮಶಾನದಲ್ಲಿ ಗುಂಡಿ ತೋಡುವವನೂ ಅವನೇ, ಕಲ್ಲುಮನೆಯ ಬೀಗದ ಕೈ ಇಟ್ಟುಕೊಂಡವನೂ ಅವನೇ.

ಸರೋವರದ ಮೇಲೆ ಸಣ್ಣ ಗಾಳಿಯಿತ್ತು, ಮೋಡ ಕವಿದಿತ್ತು. ನೀರು ತುಸುವೇ ಕದಡಿ ಕಪ್ಪಗೆ ಕಾಣುತ್ತಿತ್ತು. ಆರ್ವಿನ್ ದೋಣಿಯನ್ನು, ವೆಂಡೆಲ್ ಒಬ್ಬನಿಗೆ ಗೊತ್ತಿದ್ದ ತನ್ನ ಜಾಗಕ್ಕೆ ತಂದು ಲಂಗರು ಇಳಿಸಿದ. ಇಬ್ಬರೂ ಗಾಳಕ್ಕೆ ಪುಟ್ಟ ಮೀನು ಸಿಕ್ಕಿಸಿ ತಳಕ್ಕೆ ಬಿಟ್ಟು, ಮೆಲ್ಲಗೆ ಎತ್ತಿ ಇಳಿಸುತ್ತ ಕೂತರು.

"ಗಾಳಿ ಇದೆ, ಬಿಸಿಲಿಲ್ಲ. ವಾಲೈಗೆ ಇನ್ನೇನು ಬೇಕು?" ಎಂದ ವೆಂಡೆಲ್. "ನಮ್ಮಿಬ್ಬರ ಮುಖ ನೋಡಿ ಓಡದೇ ಇದ್ರೆ ಸಾಕು."

"ನಿನ್ನ ಮುಖ ನೋಡಿ ಮೀನು ಯಾಕೆ ಓಡ್ಬೇಕು? ಮನುಷ್ಯರು ಓಡ್ಬೇಕು" ಎಂದ ಆರ್ವಿನ್.

ವೆಂಡೆಲ್ ನಕ್ಕ. ಗುಂಡಿ ತೋಡುವವನಿಗೆ ಆ ಹಾಸ್ಯ ಹೊಸದಲ್ಲ.

ಮೀನು ಕಚ್ಚತೊಡಗಿತು. ಚಿನ್ನದ ಬಣ್ಣದ ಮೈ, ಬೆಳಕಿಗೆ ಬೆಕ್ಕಿನ ಕಣ್ಣಿನಂತೆ ಹೊಳೆಯುವ ಕಣ್ಣು. ಒಂದೊಂದಾಗಿ ಮೇಲೆ ಬಂದವು. ನಡುವೆ ಒಂದು ದೊಡ್ಡ ಹೆಣ್ಣು ಮೀನು ಬಂತು. ಮೊಟ್ಟೆಯಿಟ್ಟು ಬರಿದಾದ ಹೊಟ್ಟೆ, ಸವೆದ ಬಾಲ. ಆರ್ವಿನ್ ಅದನ್ನು ನೀರಿನಲ್ಲೇ ಹಿಡಿದುಕೊಂಡು, ಅದಕ್ಕೆ ಉಸಿರು ಬರುವ ತನಕ ಕಾದು, ಕೈ ಸಡಿಲಿಸಿದ. ಅದು ಅವಸರಪಡದೆ ಇಳಿದು ಹೋಯಿತು. ಅದರ ದಣಿವು ತನಗೆ ಗೊತ್ತೆಂಬಂತೆ ಅವನು ಬಹಳ ಹೊತ್ತು ನೀರನ್ನೇ ನೋಡಿದ.

ಅಷ್ಟರಲ್ಲಿ ದೂರದಲ್ಲಿ ಇನ್ನೊಂದು ದೋಣಿಯ ಸದ್ದಾಯಿತು. ಆರ್ವಿನ್ ಲಂಗರು ಎತ್ತಿ, ದೋಣಿಯನ್ನು ಆಚೆಯ ಬರೀ ಕೆಸರಿನ ಕೊಲ್ಲಿಗೆ ನಡೆಸಿ, ಅಲ್ಲಿ ಗಾಳ ಬಿಟ್ಟು ಕೂತ. ಬಂದ ದೋಣಿಯವರು ಕೈಯೆತ್ತಿ ನಮಸ್ಕರಿಸಿ, ಸ್ವಲ್ಪ ಹೊತ್ತು ಅವರ ಪಕ್ಕದಲ್ಲೇ ಗಾಳ ಹಾಕಿ, ಏನೂ ಸಿಗದೆ ಹೊರಟುಹೋದರು. ಸರೋವರದಲ್ಲಿ ಎಲ್ಲರೂ ಮಾಡುವ ಆಟ ಅದು. ವೆಂಡೆಲ್ ಟೋಪಿಯೊಳಗೆ ಮುಖ ಹುದುಗಿಸಿ ನಕ್ಕ. ಆಮೇಲೆ ಅವನ ಮುಖ ಬದಲಾಯಿತು.

"ಹೇಳ್ಬೇಕೋ ಬೇಡ್ವೋ ಅಂತ ವಾರದಿಂದ ಯೋಚ್ನೆ ಮಾಡ್ತಿದೀನಿ" ಎಂದ. "ಕಲ್ಲುಮನೇಲಿ ತಂಪು ಇಳೀತಾ ಇದೆ ಕಣೋ ಆರ್ವಿನ್. ಗೋಡೆ ಬೆವರ್ತಾ ಇದೆ. ಅದು ಚಳಿಗಾಲದ ಮನೆ. ಬೇಸಿಗೆಗೆ ಅಂತ ಕಟ್ಟಿದ್ದಲ್ಲ."

ಆರ್ವಿನ್ ಗಾಳದ ದಾರವನ್ನೇ ನೋಡುತ್ತಿದ್ದ.

"ನಾನು ಅವಸರ ಮಾಡ್ತಿಲ್ಲ" ಎಂದ ವೆಂಡೆಲ್. "ಆದ್ರೆ ಥೈರಾಗೆ ಮರ್ಯಾದೆ ಅಲ್ಲ ಅದು."

"ಮೀನು ಆಯ್ತಲ್ಲ. ಇನ್ನು ಅಣಬೆ ಒಂದು ಸಿಕ್ಬಿಡ್ಲಿ. ಸಿಕ್ಕಿದ ಮಾರನೇ ದಿನವೇ" ಎಂದ ಆರ್ವಿನ್. ಅವನ ದನಿ ಅವನಿಗೇ ದೂರದಿಂದ ಬಂದಂತೆ ಕೇಳಿತು.

ಮಾರನೆಯ ದಿನ ಚರ್ಚಿನಲ್ಲಿ ಕೂತಾಗ ಅವನಿಗೆ ಪ್ರಾರ್ಥನೆಯ ಕಡೆ ಮನಸ್ಸು ನಿಲ್ಲಲಿಲ್ಲ. ದೇವರ ಮನೆಯಲ್ಲಿ ಕೂತು ಕಲ್ಲುಮನೆಯ ಗೋಡೆ ಬೆವರುವುದನ್ನೇ ಯೋಚಿಸಿದ. ಹಾಡು ಮುಗಿದು ಎಲ್ಲರೂ ನೆಲಮಾಳಿಗೆಗೆ ಕಾಫಿ ಕುಡಿಯಲು ಇಳಿದರೆ, ಅವನು ಹಿಂದಿನ ಬಾಗಿಲಿನಿಂದ ಹೊರಬಿದ್ದು ಜಲ್ಲಿಗುಂಡಿಯ ದಾರಿ ಹಿಡಿದ.

ಜಲ್ಲಿಗುಂಡಿಯೆಂದರೆ ಊರಾಚೆ, ಹಿಂದೆ ರಸ್ತೆಗಾಗಿ ಜಲ್ಲಿ ತೆಗೆದು ಬಿಟ್ಟ ಹಳ್ಳ. ಪ್ರತಿ ವಸಂತದಲ್ಲೂ ಥೈರಾಳ ನೀಲಿ ಕಾರು ಅಲ್ಲಿ ನಿಂತಿರುವುದನ್ನು ಅವನು ನೋಡಿದ್ದ, ಊರೇ ನೋಡಿತ್ತು. ಎಷ್ಟೋ ಜನ ಕದ್ದು ಹೋಗಿ ಅಲ್ಲಿ ಹುಡುಕಿ ಬರಿಗೈಯಲ್ಲಿ ಬಂದಿದ್ದರು. ಅವರ ಕಣ್ಣು ಸರಿಯಿಲ್ಲ ಎಂದು ಆರ್ವಿನ್ ಅಂದುಕೊಂಡಿದ್ದ.

ಅವನು ಅಂದು ಹುಡುಕಿದ, ಸೋಮವಾರ ಹುಡುಕಿದ, ಮಂಗಳವಾರವೂ ಹೋದ. ಕೋಲಿನಿಂದ ಹಳೆಯ ಎಲೆಗಳನ್ನು ಸರಿಸುತ್ತ, ಬಗ್ಗಿ ನೋಡುತ್ತ, ಬೆನ್ನು ನೆಟ್ಟಗೆ ಮಾಡಲು ಮರಕ್ಕೆ ಒರಗುತ್ತ ನಡೆದ. ಪ್ಯಾಂಟಿನ ತುಂಬ ಉಣ್ಣಿಹುಳ ಹತ್ತಿದವು. ಬಿಳಿ ಹೂವು ಹಾಸಿದ್ದವು, ಹಕ್ಕಿ ಕೂಗುತ್ತಿದ್ದವು. ಅವನಿಗೆ ಯಾವುದೂ ಬೇಕಾಗಿರಲಿಲ್ಲ. ಮಂಗಳವಾರ ಒಂದು ಪೈನ್ ಮರದ ಕೆಳಗೆ ಕೆಂಗಂದು ಬಣ್ಣದ, ಮಿದುಳಿನಂತೆ ಸುರುಳಿ ಸುರುಳಿಯಾದ ಅಣಬೆ ಕಂಡು ಅವನ ಎದೆ ಧಸಕ್ಕೆಂದಿತು. ಚಾಕುವಿನಿಂದ ಉದ್ದಕ್ಕೆ ಸೀಳಿ ನೋಡಿದ. ಒಳಗೆ ಟೊಳ್ಳಿರಲಿಲ್ಲ, ಹತ್ತಿಯಂಥದ್ದು ತುಂಬಿತ್ತು. ಹುಸಿ ಮೊರೆಲ್, ವಿಷ. ಅದನ್ನು ಬೂಟಿನಿಂದ ಹೊಸಕಿ ಹಾಕಿದ.

ವಿಚಿತ್ರವೆಂದರೆ, ಅದು ಹುಸಿಯೆಂದು ಗೊತ್ತಾದಾಗ ಅವನ ಎದೆ ಹಗುರಾಯಿತು. ಹಾಗೇಕಾಯಿತೆಂದು ಅವನು ಯೋಚಿಸಲಿಲ್ಲ. ಯೋಚಿಸುವ ಶಕ್ತಿಯೂ ಇರಲಿಲ್ಲ. ಮನೆಗೆ ಬಂದು ಬೂಟು ಕಳಚದೆ ಅಡಿಗೆಮನೆಯ ಕುರ್ಚಿಯಲ್ಲಿ ಕೂತವನು ಕೂತಲ್ಲೇ ತೂಕಡಿಸಿದ.

ಕಣ್ಣು ಬಿಟ್ಟಾಗ ಎದುರಿಗೆ ಗುಡ್ರುನ್ ಕೂತಿದ್ದಳು. ಅವಳು ಥೈರಾಳಿಗಿಂತ ಬಹಳ ದೊಡ್ಡವಳು, ಊರಿನ ಶಾಲೆಯಲ್ಲಿ ಮಕ್ಕಳಿಗೆ ಅಡಿಗೆ ಮಾಡಿ ಬಡಿಸಿ ಮುದುಕಿಯಾದವಳು. ಎರಡು ಕೋಲಿನ ಮೇಲೆ ನಡೆಯುತ್ತಿದ್ದಳು, ಆದರೂ ಕಾರು ಓಡಿಸುವುದನ್ನು ಬಿಟ್ಟಿರಲಿಲ್ಲ. ಬಾಗಿಲು ಬಡಿಯುವ ಅಭ್ಯಾಸ ಅವಳಿಗೆ ಯಾವತ್ತೂ ಇರಲಿಲ್ಲ. ತಾನೇ ಕಾಫಿ ಕಾಯಿಸಿಕೊಂಡು, ಅವನಿಗೂ ಒಂದು ಲೋಟ ಇಟ್ಟು, ಅವನ ಬೂಟನ್ನೇ ನೋಡುತ್ತಿದ್ದಳು.

"ಮರಳು" ಎಂದಳು. "ಜಲ್ಲಿಗುಂಡಿಗೆ ಹೋಗಿದ್ಯಾ?"

"ಇನ್ನೆಲ್ಲಿಗೆ ಹೋಗ್ಲಿ? ಅವಳ ಕಾರು ಅಲ್ಲೇ ನಿಲ್ತಿತ್ತು."

"ಕಾರು ನಿಂತ ಕಡೆ ಅಣಬೆ ಇರತ್ತೇನೋ? ನಿನ್ನ ದೋಣಿ ನಿಂತ ಕಡೆ ಮೀನಿರತ್ತಾ?"

ಆರ್ವಿನ್‌ಗೆ ಮೊನ್ನೆ ಶನಿವಾರ ತಾನೇ ಲಂಗರು ಎತ್ತಿ ಕೆಸರಿನ ಕೊಲ್ಲಿಗೆ ಹೋಗಿ ಕೂತದ್ದು ಕಣ್ಣಮುಂದೆ ಬಂತು. ಗುಡ್ರುನ್ ಮುಂದುವರಿಸಿದಳು. ಜಲ್ಲಿಗುಂಡಿಯಲ್ಲಿ ಎಲ್ಮ್ ಮರವಾದರೂ ಒಂದಿದೆಯೇ ಎಂದು ಕೇಳಿದಳು. ಬರೀ ಪೈನ್. ಮರಳು ನೆಲ. ಆ ಊರಿನಲ್ಲಿ ಹುಟ್ಟಿ ಬೆಳೆದವನು, ಎಪ್ಪತ್ತು ದಾಟಿದವನು, ಅಣಬೆ ಯಾವ ಮರದ ಕೆಳಗೆ ಏಳುತ್ತದೆಂದು ಗೊತ್ತಿಲ್ಲದವನೇನಲ್ಲ. ಶಾಲೆಯ ಮಗುವಿಗೂ ಗೊತ್ತಿರುವ ಮಾತು ಅದು.

"ಗೊತ್ತಿಲ್ದೆ ಹುಡುಕಿದ್ದೋ, ಸಿಗಬಾರ್ದು ಅಂತ ಹುಡುಕಿದ್ದೋ?" ಎಂದಳು.

ಆರ್ವಿನ್ ಲೋಟಕ್ಕೆ ಹೇಳುವವನಂತೆ ಹೇಳಿದ: "ಭಾನುವಾರ ಭಾನುವಾರ ಆ ಕಲ್ಲುಮನೆ ಬಾಗಿಲ ಹತ್ರ ಹೋಗಿ ನಿಂತ್ಕೋತೀನಿ. ಒಳಗೆ ಇದಾಳೆ ಅಂತ ಅನ್ಸತ್ತೆ. ಮಣ್ಣು ಹಾಕ್ಬಿಟ್ರೆ ಎಲ್ಲಿ ಹೋಗಿ ನಿಲ್ಲಲಿ?"

ಗುಡ್ರುನ್ ಕೋಲುಗಳನ್ನು ಮೇಜಿಗೆ ಒರಗಿಸಿ, ಸೆಟೆದ ಬೆರಳುಗಳನ್ನು ಒಂದೊಂದಾಗಿ ನೀವಿಕೊಂಡಳು. ಆಮೇಲೆ ಆಸ್ಪತ್ರೆಯ ಆ ದಿನ ನೆನಪಿದೆಯೇ ಎಂದು ಕೇಳಿದಳು. ಥೈರಾಳ ಮೇಲೆ ಎಷ್ಟು ಕಂಬಳಿ ಹೊದಿಸಿದ್ದರು, ಆದರೂ ಅವಳ ಹಲ್ಲು ಕಟಕಟ ಎನ್ನುತ್ತಿತ್ತಲ್ಲ ಎಂದಳು. ಅಕ್ಕತಂಗಿಯರ ತಾಯಿ ಸತ್ತದ್ದು ನವೆಂಬರಿನಲ್ಲಿ. ನೆಲ ಪೂರ್ತಿ ಹೆಪ್ಪುಗಟ್ಟಿರಲಿಲ್ಲವೆಂದು ಅಂದೇ ಮಣ್ಣು ಮಾಡಿದ್ದರು. ಹೆಂಟೆಗಳಲ್ಲಿ ಮಂಜಿನ ಚೂರು ಸೇರಿಕೊಂಡಿತ್ತು. ಪೆಟ್ಟಿಗೆಯ ಮೇಲೆ ಬಿದ್ದಾಗ ಕಲ್ಲು ಬಿದ್ದಂತೆ ಸದ್ದಾಯಿತು. ಥೈರಾ ಆಗ ತೀರ ಚಿಕ್ಕವಳು, ಗುಡ್ರುನಳ ಕೋಟಿನೊಳಗೆ ಮುಖವಿಟ್ಟುಕೊಂಡು, ಅಮ್ಮನಿಗೆ ಚಳಿಯಾಗುತ್ತದೆ ಎಂದು ಅತ್ತಿದ್ದಳು. ಆ ಭಯ ಅವಳನ್ನು ಸಾಯುವ ತನಕ ಬಿಟ್ಟಿರಲಿಲ್ಲ. ಗಂಡನಿಗೆ ಹೇಳಿಕೊಳ್ಳಲು ನಾಚಿಕೆಯಾಗಿ ಸುಮ್ಮನಿದ್ದಳು.

"ಮೊರೆಲ್ ಯಾವಾಗ ಏಳತ್ತೆ? ಮಣ್ಣು ಬೆಚ್ಚಗಾದಾಗ" ಎಂದಳು ಗುಡ್ರುನ್. "ಅವಳು ಕೇಳಿದ್ದು ಅಷ್ಟೇ. ಊಟದ ಮಾತು ಅವಳು ಆಡ್ಲೇ ಇಲ್ಲ. ಅದು ನೀನು ಸೇರಿಸ್ಕೊಂಡಿದ್ದು."

"ನಿಂಗೆ ಗೊತ್ತಿತ್ತಾ? ಗೊತ್ತಿದ್ದೂ ಇಷ್ಟು ದಿನ ಸುಮ್ನಿದ್ಯಾ?"

"ಸುಮ್ನಿದ್ದೆ. ನೀನು ಹುಡುಕ್ತಾ ಇರೋ ತನಕ ಅವಳು ಹೊರಗಿರ್ತಾಳಲ್ಲ. ಅವಳು ನನ್ನ ಕೈಯಲ್ಲಿ ಬೆಳೆದವಳು, ಆರ್ವಿನ್. ನಂಗೇನು ಅವಸರ ಇತ್ತು?" ಅವಳು ಒಂದು ಗುಟುಕು ಕಾಫಿ ಕುಡಿದಳು. "ಈಗ ಸಾಕು. ವೆಂಡೆಲ್ ಗೋಡೆ ವಿಷ್ಯ ನಂಗೂ ಹೇಳ್ದ. ಸಾಕು ಇನ್ನು. ನಂಗೂ ದಣಿವಾಗಿದೆ."

ಇಬ್ಬರೂ ಅವಳ ಕಾರಿನಲ್ಲಿ ಥೈರಾಳ ಅಣಬೆಯ ಜಾಗಕ್ಕೆ ಹೊರಟರು. ದಾರಿಯಲ್ಲಿ ಗುಡ್ರುನ್ ತನ್ನ ಕಾಲು ಆ ಜಾಗಕ್ಕೆ ನಡೆದು ಎರಡು ವಸಂತವಾಯಿತೆಂದೂ, ತಂಗಿಯೊಬ್ಬಳೇ ಹೋಗಿ ತನ್ನ ಪಾಲು ತಂದುಕೊಡುತ್ತಿದ್ದಳೆಂದೂ ಹೇಳಿದಳು. ಈಗ ಹೇಳಬೇಕಾದದ್ದು ಯಾರಿಗಾದರೂ ಒಬ್ಬರಿಗೆ. ತನಗೆ ಬೇರೆ ಯಾರೂ ಉಳಿದಿಲ್ಲ. ಮೀನು ಹಿಡಿಯುವವನಿಗೆ ಅಣಬೆಯ ಜಾಗ ಹೇಳುವ ಕಾಲ ಬಂತಲ್ಲ ಎಂದು ನಿಟ್ಟುಸಿರಿಟ್ಟಳು. ಅಷ್ಟು ಮುದುಕಿಯಾಗಿಯೂ, ಅಂಥ ದಿನದಲ್ಲೂ, ಕಾರನ್ನು ಆ ಜಾಗದಿಂದ ಬಹುದೂರ ಒಂದು ಹಾಲಿನ ಡೈರಿಯ ಪಕ್ಕದಲ್ಲಿ ನಿಲ್ಲಿಸಿದಳು.

"ಬೇಲಿ ಹಿಡ್ಕೊಂಡು ಹೋಗು. ತೊರೆ ದಾಟು. ಹಳೇ ಮನೆ ತಳಪಾಯ ಸಿಗತ್ತೆ, ಅದರ ಹಿಂದೆ" ಎಂದಳು. "ಯಾರಾದ್ರೂ ಬಂದ್ರೆ ಪ್ಯಾಂಟು ಬಿಚ್ಚೋ ಹಾಗೆ ನಿಂತ್ಕೋ. ಮರ್ಯಾದಸ್ಥರು ಹಿಂದಕ್ಕೆ ಹೋಗ್ತಾರೆ."

ಹೆಂಡತಿ ಸತ್ತ ಮೇಲೆ ಆರ್ವಿನ್ ಅಂದು ಮೊದಲ ಸಲ ನಕ್ಕ. ನಗುವಿನಿಂದ ಪಕ್ಕೆ ನೋಯಿತು.

ಅವನು ನಿಧಾನವಾಗಿ ನಡೆದ. ತೊರೆಯ ನೀರು ಬೂಟಿನೊಳಗೆ ಬಂತು. ತಳಪಾಯದ ಕಲ್ಲುಗಳು ಹುಲ್ಲಿನಲ್ಲಿ ಮುಳುಗಿದ್ದವು. ಯಾರದೋ ಸಂಸಾರ ಅಲ್ಲಿ ನಡೆದು ಮುಗಿದಿತ್ತು. ಅದರ ಹಿಂದೆ ಎಲ್ಮ್ ಮರಗಳು, ಎಲ್ಲವೂ ಸತ್ತವು, ತೊಗಟೆ ಹಾಳೆ ಹಾಳೆಯಾಗಿ ಜೋತುಬಿದ್ದಿತ್ತು. ಅವುಗಳ ಬುಡದಲ್ಲಿ ಮೊದಲಿಗೆ ಅವನಿಗೆ ಒಣಗಿದ ಎಲೆ ಬಿಟ್ಟು ಏನೂ ಕಾಣಲಿಲ್ಲ. ಮಂಡಿಯೂರಿ ಕೂತ. ಆಗ ಒಂದು ಕಂಡಿತು. ಒಂದು ಕಂಡ ಮೇಲೆ ಎಲ್ಲವೂ ಕಂಡವು. ಎಲ್ಲಿ ನೋಡಿದರೂ ಮೊರೆಲ್. ಅವನ ಮಂಡಿಯ ಪಕ್ಕದಲ್ಲೂ ಇದ್ದವು.

ಆದರೆ ಅವು ಎದ್ದು ದಿನಗಳಾಗಿದ್ದವು. ಬಹುಪಾಲು ಅಣಬೆಗಳ ಅಂಚು ಕಪ್ಪಾಗಿತ್ತು. ಕೆಲವು ಬಾಗಿ ಮಲಗಿದ್ದವು, ಕೆಲವನ್ನು ಬಸವನಹುಳ ತಿಂದು ಜಾಳಿಗೆ ಮಾಡಿತ್ತು. ಮುಟ್ಟಿದರೆ ಕೈಯಲ್ಲಿ ಪುಡಿಯಾದವು. ತಾನು ಜಲ್ಲಿಗುಂಡಿಯಲ್ಲಿ ಕೋಲಾಡಿಸುತ್ತಿದ್ದಾಗಲೇ, ದೋಣಿಯಲ್ಲಿ ಕೂತು "ಸಿಕ್ಕಿದ ಮಾರನೇ ದಿನವೇ" ಎಂದು ಮಾತು ಕೊಡುತ್ತಿದ್ದಾಗಲೇ, ಅವು ಎದ್ದು ನಿಂತು ಕಾದಿದ್ದವು. ಥೈರಾ ಹೇಳಿದ ಹೊತ್ತು ಬಂದು, ಅವನನ್ನು ಕೇಳದೆ, ಕಳೆದುಹೋಗುತ್ತಿತ್ತು.

ಆರ್ವಿನ್ ಎಲೆಗಳನ್ನು ಸರಿಸಿ ಅಂಗೈಯನ್ನು ಮಣ್ಣಿನ ಮೇಲಿಟ್ಟ. ಆಮೇಲೆ ಬೆರಳುಗಳನ್ನು ಒಳಗೆ ತೂರಿಸಿದ. ಬೆಚ್ಚಗಿತ್ತು. ಆಗ ತಾನೆ ಯಾರೋ ಎದ್ದುಹೋದ ಹಾಸಿಗೆಯಷ್ಟು ಬೆಚ್ಚಗೆ. ಅವನು ಹಾಗೆಯೇ ಕೈಯಿಟ್ಟುಕೊಂಡು, ಕಣ್ಣು ಮುಚ್ಚಿ, ತನಗೆ ಬಾಯಿಗೆ ಬಂದಷ್ಟು ಪ್ರಾರ್ಥನೆ ಮಾಡಿದ. ಏನನ್ನೂ ಬೇಡಲಿಲ್ಲ. ಬೇಡುವುದಕ್ಕೂ ಬಲ ಬೇಕು.

ಕೆಡದೆ ಉಳಿದಿದ್ದ ಕೆಲವನ್ನು ಬುಡದಲ್ಲಿ ಕತ್ತರಿಸಿ ಟೋಪಿಗೆ ಹಾಕಿಕೊಂಡು ಮರಳಿದಾಗ ಗುಡ್ರುನ್ ಕಾರಿನಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಬಾಗಿಲಿನ ಸದ್ದಿಗೆ ಎಚ್ಚೆತ್ತು ಟೋಪಿಯೊಳಗೆ ಇಣುಕಿದಳು.

"ತಡ ಮಾಡಿದ್ವಿ" ಎಂದ ಆರ್ವಿನ್.

"ಹ್ಞೂಂ" ಎಂದು ಅವಳು ಕಾರು ಹೊರಡಿಸಿದಳು.

ಸ್ಮಶಾನದಲ್ಲಿ ವೆಂಡೆಲ್ ಹುಲ್ಲು ಕತ್ತರಿಸುತ್ತಿದ್ದ. ನಾಳೆ ತೋಡು ಎಂದು ಆರ್ವಿನ್ ಹೇಳಿದಾಗ ಅವನು ಯಂತ್ರ ನಿಲ್ಲಿಸಿ, ಟೋಪಿ ತೆಗೆದು ತಲೆಯಾಡಿಸಿದ. ಪಾಸ್ಟರಿಗೆ ಹೇಳಿ ಕಳಿಸಿದರು. ಗುರುವಾರ ಬೆಳಿಗ್ಗೆ ಎಂದು ನಿಶ್ಚಯವಾಯಿತು.

ಬುಧವಾರ ಗುಂಡಿ ತೋಡುವಾಗ ಆರ್ವಿನ್ ಬಂದು ಅಂಚಿನಲ್ಲಿ ನಿಂತ. ಮೇಲಿನ ಮಣ್ಣು ಕಪ್ಪಗೆ, ಸಡಿಲವಾಗಿ ಬಂತು. ವೆಂಡೆಲ್ ಸೊಂಟದಾಳ ಇಳಿದ ಮೇಲೆ ಆರ್ವಿನ್ ಬಗ್ಗಿ, ಆಗಷ್ಟೇ ಮೇಲೆ ಬಿದ್ದ ಒಂದು ಹೆಂಟೆಯನ್ನು ಕೈಗೆ ತೆಗೆದುಕೊಂಡ. ಬೆರಳು ಮರಗಟ್ಟುವಷ್ಟು ತಣ್ಣಗಿತ್ತು.

"ಕೆಳಗಿನ ಮಣ್ಣು ಯಾವಾಗ್ಲೂ ತಣ್ಣಗೇ ಕಣೋ" ಎಂದ ವೆಂಡೆಲ್, ಅವನ ಮುಖ ನೋಡಿ. "ಆಗಸ್ಟಲ್ಲಿ ಬಂದು ನೋಡಿದ್ರೂ ಅಷ್ಟೇ."

ಆಗಸ್ಟಿನಲ್ಲೂ ಅಷ್ಟೇ ಎಂದ ಮೇಲೆ ಇನ್ನು ಕಾಯುವುದರಲ್ಲಿ ಅರ್ಥವಿರಲಿಲ್ಲ. ಆದರೆ ಹೆಂಡತಿಗೆ ಕೊಟ್ಟ ಮಾತು ಹಾಗೆಯೇ ಇತ್ತು. ಕೊನೆಗೆ ಆರ್ವಿನ್ ವೆಂಡೆಲ್‌ನನ್ನು ಒಂದು ಮಾತು ಕೇಳಿದ. ಎಲ್ಲ ಮಣ್ಣನ್ನೂ ಹೀಗೆ ಗುಡ್ಡೆ ಹಾಕದೆ, ಟಾರ್ಪಾಲಿನ ಮೇಲೆ ತೆಳ್ಳಗೆ ಹರವಿದರೆ ಆಗದೇ? ಬಿಸಿಲಿದೆ. ಸಂಜೆಯ ಹೊತ್ತಿಗೆ ಬೆಚ್ಚಗಾಗುತ್ತದೆ. ರಾತ್ರಿ ಮುಚ್ಚಿಟ್ಟರೆ ಬೆಳಿಗ್ಗೆಗೂ ಕಾವು ಉಳಿಯಬಹುದು.

"ಮಣ್ಣನ್ನ ಬಿಸಿಲಿಗೆ ಹಾಕ್ತೀಯಾ?" ಎಂದ ವೆಂಡೆಲ್. "ಇಷ್ಟು ವರ್ಷದಿಂದ ತೋಡ್ತಿದೀನಿ, ಇಂಥದ್ದು ಯಾರೂ ಕೇಳಿಲ್ಲ."

"ನಾನು ಕೇಳ್ತಿದೀನಿ."

ವೆಂಡೆಲ್ ಗುಂಡಿಯಿಂದ ಮೇಲೆ ಬಂದು ತನ್ನ ಗಾಡಿಯಿಂದ ಇದ್ದಬದ್ದ ಟಾರ್ಪಾಲುಗಳನ್ನೆಲ್ಲ ತಂದು ಹಾಸಿದ. ಆರ್ವಿನ್ ಹಲ್ಲುಕೋಲಿನಿಂದ ಮಣ್ಣನ್ನು ಎಳೆದು ಹರವಿದ. ಹೆಂಟೆಗಳನ್ನು ಒಡೆದ, ಬೇರುಗಳನ್ನು ಆರಿಸಿ ತೆಗೆದ. ಮಧ್ಯಾಹ್ನಕ್ಕೆ ಗುಡ್ರುನ್ ಮಡಿಚುವ ಕುರ್ಚಿಯೊಂದನ್ನು ಕಾರಿನಲ್ಲಿ ಹಾಕಿಕೊಂಡು ಬಂದು, ಟಾರ್ಪಾಲಿನ ಅಂಚಿನಲ್ಲಿ ಕೂತು, ಕೋಲು ಚಾಚಿ, ಆ ಮೂಲೆ ಇನ್ನೂ ಒದ್ದೆಯಿದೆ, ಈ ಕಡೆ ದಪ್ಪವಾಯಿತು, ತಿರುವಿ ಹಾಕು ಎಂದು ಅಡಿಗೆಮನೆಯಲ್ಲಿ ಹೇಳುವಂತೆ ಹೇಳುತ್ತಿದ್ದಳು. ಅವನು ತಿರುವಿ ಹಾಕಿದ. ದಣಿದಾಗ ಹುಲ್ಲಿನ ಮೇಲೆ ಕೂತ, ಮತ್ತೆ ಎದ್ದು ತಿರುವಿದ. ಕಪ್ಪು ಮಣ್ಣು ಬಿಸಿಲಿಗೆ ಬೂದುಬಣ್ಣಕ್ಕೆ ತಿರುಗಿ, ಹೊಸ ಮಳೆಯ ವಾಸನೆ ಬಿಟ್ಟಿತು. ದಾರಿಯಲ್ಲಿ ಹೋಗುವವರು ಕಾರು ನಿಧಾನಿಸಿ ನೋಡಿದರು. ಯಾರೂ ಇಳಿದು ಬಂದು ಏನೆಂದು ಕೇಳಲಿಲ್ಲ.

ಅಣಬೆ ಊರಿಗೆ ಬಡಿಸುವಷ್ಟಿರಲಿಲ್ಲ. ಆ ಸಂಜೆ ಗುಡ್ರುನ್ ಅದನ್ನು ಬೆಣ್ಣೆಯಲ್ಲಿ ಹುರಿದಳು. ಅವಳು, ಆರ್ವಿನ್, ವೆಂಡೆಲ್ ಮೂವರೂ ಎರಡೆರಡು ತುತ್ತು ತಿಂದರು. ಬಲಿತು ಹೋಗಿದ್ದರಿಂದ ಸ್ವಲ್ಪ ನಾರಾಗಿತ್ತು.

ಗುರುವಾರ ಬಿಸಿಲು ಎಳೆಯದಾಗಿತ್ತು. ಕಲ್ಲುಮನೆಯ ಬಾಗಿಲು ತೆರೆದು ಆರು ಜನ ಪೆಟ್ಟಿಗೆಯನ್ನು ಹೊತ್ತು ತಂದರು. ಪಾಸ್ಟರ್ ಪ್ರಾರ್ಥನೆ ಹೇಳಿದರು. ಊರಿನವರು ಫೆಬ್ರವರಿಯಲ್ಲಿ ಹಾಡಿದ್ದನ್ನೇ ಮತ್ತೆ ಹಾಡಿದರು. ಆಗ ಹಾಡಲಾಗದವರೂ ಈಗ ಹಾಡಿದರು. ಪೆಟ್ಟಿಗೆ ಇಳಿಯಿತು. ವೆಂಡೆಲ್ ಟಾರ್ಪಾಲನ್ನು ಸರಿಸಿದ.

ಆರ್ವಿನ್ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡ. ಪುಡಿ ಪುಡಿಯಾಗಿ, ಒಣಗಿ, ಅಂಗೈಗೆ ಹಿತವಾಗಿತ್ತು. ರಾತ್ರಿಯಿಡೀ ಮುಚ್ಚಿದ್ದರಿಂದ ನಿನ್ನೆಯ ಬಿಸಿಲು ಅದರೊಳಗೆ ಇನ್ನೂ ಇತ್ತು. ಅವನು ಅದನ್ನು ಹಿಡಿದುಕೊಂಡೇ ನಿಂತ. ಪಾಸ್ಟರ್ ಕಾದರು. ಗುಡ್ರುನ್ ಎರಡೂ ಕೋಲುಗಳನ್ನು ಒಂದೇ ಕೈಗೆ ತೆಗೆದುಕೊಂಡು, ಬಿಡುವಾದ ಕೈಯಿಂದ ಅವನ ಮೊಣಕೈಯನ್ನು ಹಿಡಿದಳು. ದೂಡಲಿಲ್ಲ, ಸುಮ್ಮನೆ ಹಿಡಿದಳು.

ಅವನು ಬೆರಳು ಬಿಡಿಸಿದ. ಮಣ್ಣು ಸದ್ದಿಲ್ಲದೆ ಇಳಿಯಿತು.